ಐದನೆಯ ಎಲೆಗಾಗಿ ಪುಣೆಯಲ್ಲಿ ಒಂಬತ್ತು ದಿನ

ಮಿರಜ್ ದಾಟಿದ ಮೇಲೆ

ನಮ್ಮ ಕಡೆ ಹೆಣ್ಣು ನೋಡಲು ಗಂಡಿನವರು ಬರುತ್ತಾರೆ. ಹೆಣ್ಣಿನವರು ಕೇಸರಿಬಾತು ಮಾಡಿಟ್ಟುಕೊಂಡು ಕಾಯುತ್ತಾರೆ. ಒಪ್ಪಿಗೆಯಾಗಲಿ ಬಿಡಲಿ, ದೀಪ ಹಚ್ಚುವ ಹೊತ್ತಿಗೆ ಅವರ ಗಾಡಿ ಹೊರಟಿರುತ್ತದೆ. ಪುಣೆಯ ಗುಂಡೂರಾಯರು ಈ ಕ್ರಮವನ್ನೇ ತಲೆಕೆಳಗು ಮಾಡಿದರು. ತಮ್ಮ ಹೆಂಡತಿಗೆ ಮೊಣಕಾಲು ನೋವು, ಅಷ್ಟು ದೂರ ರೈಲಿನಲ್ಲಿ ಕೂರಲಾರಳು, ಆದ್ದರಿಂದ ನಾವೇ ಹುಡುಗಿಯನ್ನು ಕರೆದುಕೊಂಡು ಬರಬೇಕು, ಎರಡು ದಿನದ ಕೆಲಸವಷ್ಟೇ ಎಂದು ಕಾಗದ ಬರೆದರು.

ಆ ಎರಡು ದಿನವನ್ನು ನಂಬಿ ನಾನು ನಾಲ್ಕು ದಿನ ರಜೆ ಹಾಕಿದೆ. ಆಗ ನಾನು ತುಮಕೂರಿನಲ್ಲಿ ಮಿಡಲ್ ಸ್ಕೂಲಿನ ಹೆಡ್‌ಮಾಸ್ಟರು. ಯುರೋಪಿನ ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ. ತಂದೆ ತೀರಿಕೊಂಡಿದ್ದರು. ತಂಗಿ ಸರಸುವಿಗೆ ಇಪ್ಪತ್ತೊಂದು ತುಂಬಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿದ್ದಳು. ವಯಸ್ಸು ಕೇಳಿದೊಡನೆ ಗಂಡಿನ ಕಡೆಯವರು ಕೆಮ್ಮಿ ಎದ್ದುಹೋಗುವ ಕಾಲ ಅದು. ಆ ವರ್ಷ ಬಂದಿದ್ದ ಸಂಬಂಧ ಇದೊಂದೇ. ಗುಂಡೂರಾಯರು ಕಾಶಿಗೆ ಬಾ ಎಂದಿದ್ದರೂ ಹೋಗುತ್ತಿದ್ದೆ.

ಮಿರಜ್ ದಾಟುವವರೆಗೆ ಡಬ್ಬಿಯಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು. ಆಮೇಲೆ ಬೀಳಲಿಲ್ಲ. ಎದುರಿಗೆ ಕುಳಿತಿದ್ದ ಮರಾಠಿ ಗೃಹಸ್ಥರು ಊರು ಯಾವುದೆಂದು ಕೇಳಿದರು. ಮೈಸೂರು ಸೀಮೆ ಎಂದೆ. ಮೈಸೂರು ಮದ್ರಾಸಿನೊಳಗಿನದಲ್ಲ, ಬೇರೆಯೇ ಸಂಸ್ಥಾನ, ನಮಗೆ ನಮ್ಮದೇ ಮಹಾರಾಜರಿದ್ದಾರೆ ಎಂದು ನನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ, ಕೈಯಲ್ಲಿ ಗೆರೆ ಎಳೆದು ತೋರಿಸಿ ವಿವರಿಸಿದೆ. ಅವರು ಎಲ್ಲವನ್ನೂ ಗಮನವಿಟ್ಟು ಕೇಳಿ, ಹೆಂಡತಿಯ ಕಡೆ ತಿರುಗಿ, "ಮದ್ರಾಸಿ ಆಹೇತ" ಎಂದರು.

ಪುಣೆ ಸ್ಟೇಷನ್ನಿನಲ್ಲಿ ಟಾಂಗಾದವನು ನನ್ನ ಜರಿ ಪೇಟ ನೋಡಿ ಏನೋ ಕೇಳಿದ. ತಿಳಿಯದಿದ್ದರೂ ತಲೆ ಆಡಿಸಿದೆ. ಅವನು ಅರ್ಧ ಗಂಟೆ ಓಡಿಸಿ, ಒಂದು ಹಳೆಯ ವಾಡೆಯ ಮುಂದೆ ಇಳಿಸಿದ. ಒಳಗೆ ಹತ್ತು ಹನ್ನೆರಡು ಮಂದಿ ಹಾರ್ಮೋನಿಯಂ ಮುಂದೆ ಕುಳಿತಿದ್ದವರು ಎದ್ದುನಿಂತು ನಮಸ್ಕಾರ ಮಾಡಿದರು. ಕರ್ನಾಟಕದಿಂದ ಯಾರೋ ಗವಾಯಿಗಳು ಬರುವುದಿತ್ತಂತೆ. ನಾನು ಗವಾಯಿಯಲ್ಲ ಎಂದು ಅವರಿಗೆ ಮನದಟ್ಟು ಮಾಡುವಷ್ಟರಲ್ಲಿ ಟಾಂಗಾ ಹೊರಟುಹೋಗಿತ್ತು. ಸರಸು ಟ್ರಂಕಿನ ಮೇಲೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ನಗು ಬರಲಿಲ್ಲ.

ಕ್ಯಾಂಪ್, ಮೊದಲ ದಿನ

ನಾವು ಇಳಿದುಕೊಂಡದ್ದು ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ, ಉಡುಪಿ ಕಡೆಯ ರಾಮಭಟ್ಟರ ಹೋಟೆಲಿನ ಮಹಡಿಯಲ್ಲಿ. ಆ ಊರಿನಲ್ಲಿ ನನಗೆ ಕಾಫಿ ಸಿಕ್ಕಿದ್ದು ಅಲ್ಲೊಂದೇ ಕಡೆ. ಉಳಿದ ಕಡೆಯೆಲ್ಲ ಚಹಾ. ಬಂದರೆ ಚಹಾ, ಹೊರಟರೆ ಚಹಾ, ಬೇಡವೆಂದರೆ ಅರ್ಧ ಕಪ್ಪು ಚಹಾ.

ಗುಂಡೂರಾಯರ ಮನೆ ಅಲ್ಲಿಂದ ಎರಡು ಬೀದಿ ಆಚೆ. ಬಾಗಲಕೋಟೆ ಕಡೆಯವರು. ದಂಡಿನ ಲೆಕ್ಕಪತ್ರದ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದು ನಿವೃತ್ತರಾಗಿದ್ದರು. ಒಬ್ಬನೇ ಮಗ ವೆಂಕಟೇಶ ಅದೇ ಕಚೇರಿಯಲ್ಲಿ ಗುಮಾಸ್ತ, ಇಪ್ಪತ್ತೇಳು ವರ್ಷ, ನೋಡಲು ಲಕ್ಷಣವಾಗಿದ್ದ, ಮಾತು ಕಡಿಮೆ. ಅವನ ತಾಯಿ ಅಂಬಕ್ಕನವರು, "ಬಾರವ್ವಾ, ಒಳಗ ಬಾ" ಎಂದು ಸರಸುವನ್ನು ಕೈಹಿಡಿದು ಕರೆದುಕೊಂಡು ಹೋದರು.

ನಾನು ಚೀಲದಿಂದ ಜಾತಕ ತೆಗೆದೆ.

"ಅದು ಇರ್ಲಿ ರೀ ಮಾಸ್ತರ್ರ, ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದರು ಗುಂಡೂರಾಯರು. "ಪೋಕರ್ ಬರ್ತದೇನ್ರಿ?"

ಬರುವುದಿಲ್ಲ ಎಂದೆ.

"ಹಂಗಾರ ಕಲಸ್ತೀನಿ, ಕೂಡ್ರಿ. ಮನಷ್ಯಾನ ಗುಣಾ ಜಾತಕದಾಗ ತಿಳಿಯೂದಿಲ್ಲ. ಎಲಿ ಹಿಡಕೊಂಡಾಗ ತಿಳೀತದ."

ಯಾವುದೋ ಕ್ಯಾಂಪಿನಲ್ಲಿ ಮಳೆಗಾಲ ಕಳೆಯುವಾಗ ಅವರ ಆಂಗ್ಲ ದೊರೆ ಹೊತ್ತುಹೋಗದೆ ಗುಮಾಸ್ತರಿಗೆಲ್ಲ ಈ ಆಟ ಕಲಿಸಿದ್ದನಂತೆ. ದೊರೆ ತನ್ನ ದೇಶಕ್ಕೆ ಹೋದ, ಆಟ ಗುಂಡೂರಾಯರ ಮನೆಯಲ್ಲಿ ಉಳಿಯಿತು. ದಿನಾ ಊಟವಾದ ಮೇಲೆ ಜಮಖಾನೆ ಹಾಸಿ, ಹುಣಸೆಬೀಜ ಹಂಚಿಕೊಂಡು ಕೂರುತ್ತಿದ್ದರು. ದುಡ್ಡು ಕಟ್ಟುವುದು ಅಂಬಕ್ಕನವರಿಗೆ ಆಗದು. ರಾಯರು, ಮಗ, ರಾಮಭಟ್ಟರು, ನಾಲ್ಕನೆಯವನಾಗಿ ನಾನು. ಮಗನಿಗೆ ಕಚೇರಿ ಇಲ್ಲವೇ ಎಂದರೆ, ನಮಗಾಗಿ ರಜೆ ಹಾಕಿಸಿದ್ದೇನೆ ಎಂದರು. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಆಟ ಇಷ್ಟೇ. ಎಲ್ಲರೂ ಒಂದೊಂದು ಬೀಜ ನಡುವೆ ಇಡಬೇಕು. ಒಬ್ಬೊಬ್ಬರಿಗೆ ಐದು ಎಲೆ. ಕೈ ಚೆನ್ನಾಗಿದೆ ಅನ್ನಿಸಿದವರು ಇನ್ನಷ್ಟು ಬೀಜ ಇಟ್ಟು ಒಳಗೆ ಉಳಿಯುತ್ತಾರೆ, ಅನ್ನಿಸದವರು ಎಲೆ ಮಗುಚಿ ಹಾಕಿ ಹೊರಗಾಗುತ್ತಾರೆ. ಉಳಿದವರು ಬೇಡದ ಎಲೆ ಕೊಟ್ಟು ಹೊಸದು ತೆಗೆದುಕೊಂಡು, ಮತ್ತೆ ಬೀಜ ಇಟ್ಟು, ಕೊನೆಗೆ ತೋರಿಸಬೇಕು. ನಮ್ಮ ಆಟೀನು ಅವರಿಗೆ ಬದಾಮ, ನಮ್ಮ ಕಲಾವರು ಅವರಿಗೆ ಕಿಲ್ವರ್. ಒಂದೇ ಜಾತಿಯ ಐದು ಎಲೆ ಸಿಕ್ಕರೆ ಅದು ದೊಡ್ಡ ಕೈ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಇನ್ನೊಂದು ಸಂಗತಿ. ವೆಂಕಟೇಶ ಎಲೆ ಎತ್ತಿಕೊಂಡವನು ತುಸು ಎಡಕ್ಕೆ ವಾಲಿಸುತ್ತಿದ್ದ. ಎಡಕ್ಕೆ ತಂದೆ. ಅವರು ಓರೆಗಣ್ಣಿನಲ್ಲಿ ನೋಡಿ, "ಇರ್ಲಿ" ಎಂದರೆ ಇಡುತ್ತಿದ್ದ, "ಒಗಿ" ಎಂದರೆ ಎಸೆಯುತ್ತಿದ್ದ. ಇದು ಮೋಸವಲ್ಲವೇ ಎಂದು ನಾನು ಭಟ್ಟರ ಮುಖ ನೋಡಿದೆ.

"ಅವಂಗ ಇನ್ನಾ ಪಕ್ಕಾ ಆಗಿಲ್ರಿ. ಕಲಸ್ಲಿಕತ್ತೀನಿ" ಎಂದರು ರಾಯರು.

"ಎಂಟು ವರ್ಷ ಆಯ್ತು ಕಲಿಸ್ಲಿಕ್ಕೆ ಶುರು ಮಾಡಿ" ಎಂದರು ಭಟ್ಟರು, ಎಲೆಯಿಂದ ಕಣ್ಣೆತ್ತದೆ.

ಸಂಜೆ ಹೊರಡುವಾಗ ಮತ್ತೆ ಜಾತಕ ತೆಗೆದೆ. "ನಾಳೆ ನೋಡೂಣಂತ" ಎಂದರು. ಅರ್ಧ ಕಪ್ಪು ಚಹಾ ಬಂತು.

ನಾಲ್ಕನೆಯ ದಿನ

ನಾಳೆಗಳು ಮೂರು ಆದವು. ಜಾತಕ ಚೀಲದಲ್ಲೇ ಇತ್ತು. ರಜೆ ಮುಗಿಯುತ್ತ ಬಂತು, ಇನ್ನೈದು ದಿನಕ್ಕೆ ಅರ್ಜಿ ಬರೆಯಲು ಕಾಗದ ಬೇಕಾಯಿತು. ಮಳೆಯಲ್ಲಿ ಕೊಡೆ ಹಿಡಿದು ಅಂಗಡಿಗೆ ಹೋದರೆ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಚಾಪೆ ಹಾಸಿಕೊಂಡು ಮಲಗಿದ್ದ. ಬಾಗಿಲು ತೆರೆದಿದೆ, ಸರಕಿದೆ, ಧಣಿಯಿದ್ದಾನೆ. "ನಾಲ್ಕಕ್ಕೆ ಬನ್ನಿ" ಎಂಬ ಅರ್ಥದ ಮಾತನ್ನು ಕಣ್ಣು ಮುಚ್ಚಿಕೊಂಡೇ ಹೇಳಿದ. ನಮ್ಮ ಊರಿನ ಶೆಟ್ಟರು ಗಿರಾಕಿ ಬಂದರೆ ಎಲೆ ಮುಂದಿನ ಊಟ ಬಿಟ್ಟು ಏಳುತ್ತಾರೆ.

ಆಟದಲ್ಲೂ ನನ್ನ ಮೇಲೆ ದೂರು ಬಂತು.

"ಮಾಸ್ತರ್ರ, ನೀವು ಎರಡು ರಾಜಾ ಬಂದ್ರಷ್ಟ ಒಳಗ ಬರ್ತೀರಿ" ಎಂದರು ರಾಯರು. "ನೀವು ಬಂದ್ರಿ ಅಂದ್ರ ನಾವು ಮೂರೂ ಮಂದಿ ಹೊರಗ ಬೀಳ್ತೀವಿ. ಹಿಂಗ ಅಂಜಿಕೊಂಡು ಕೂತ್ರ ಹ್ಯಾಂಗ್ರಿ? ನಾಕು ಕಿಲ್ವರ್ ಇದ್ವು, ಐದನೇದ್ದು ಬಂದರೂ ಬರಬಹುದು ಅಂತ ಒಂದು ಆಶಾ ಇಟಗೋಬೇಕೋ ಬ್ಯಾಡೋ?"

ಅಂಜಿಕೊಂಡು ಎಂಬ ಮಾತು ನನಗೆ ನಾಟಿತು. ಸಂಬಂಧದ ವಿಷಯದಲ್ಲೂ ಅವರು ಇದನ್ನೇ ತೂಗುತ್ತಿದ್ದಾರೆ ಎನ್ನಿಸಿತು. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ರಾಮಭಟ್ಟರನ್ನು ಕೇಳಿದೆ. ಅವರು ಕೈ ಒರೆಸಿಕೊಂಡು ಬಂದು, ಮೇಜಿನ ಮೇಲೆ ನಾಲ್ಕು ಕಲಾವರ್ ಮತ್ತು ಒಂದು ಕೆಂಪು ಎಲೆ ಬಿಡಿಸಿಟ್ಟರು. ಸರಸು ಪಕ್ಕದ ಬೆಂಚಿನಲ್ಲಿ ದೋಸೆ ತಿನ್ನುತ್ತಿದ್ದಳು.

"ಇದು ಈಗ ಏನೂ ಅಲ್ಲ ಮಾಸ್ಟ್ರೇ. ಎರಡು ದುಗ್ಗಿ ಇದ್ದವನೂ ನಿಮ್ಮನ್ನು ಹೊಡೀತಾನೆ. ಇನ್ನೊಂದು ಕಲಾವರ್ ಬಂತೋ, ನೀವು ಎಲ್ಲರನ್ನೂ ಹೊಡೀತೀರಿ. ಐದು ಸಲ ಕೂತ್ರೆ ಒಂದು ಸಲ ಬರ್ತದೆ ಅಂತ ಇಟ್ಕೊಳ್ಳಿ."

"ಹಾಗಾದರೆ ಹಿಡಿಯಬೇಕೋ ಬಿಡಬೇಕೋ?"

"ಎಲೆ ನೋಡಿದ್ರೆ ಅದು ಗೊತ್ತಾಗುದಿಲ್ಲ ಮಾರಾಯ್ರೆ. ತಲೆ ಎತ್ತಿ ಸುತ್ತ ನೋಡ್ಬೇಕು. ಮೂವರೂ ಒಳಗೆ ಉಂಟಾ? ಒಂದು ಬೀಜ ಕೊಟ್ಟು ನೋಡ್ಬಹುದು, ಬಂದ್ರೆ ತುಂಬ ಸಿಗ್ತದೆ. ಒಬ್ಬನೇ ಇದ್ದಾನಾ? ಬಿಡಿ. ನಿಮ್ಮ ಹಿಂದೆ ಮಾತಾಡ್ಲಿಕ್ಕೆ ಇನ್ನೂ ಯಾರಾದ್ರೂ ಇದ್ದಾರಾ? ಅವನು ಎರಡಕ್ಕೆ ನಾಲ್ಕು ಮಾಡಿದ್ರೆ ನಿಮ್ಮ ಸೋವಿ ಆಸೆ ದುಬಾರಿ ಆಯ್ತು. ಹಾಗಾಗಿ ಕಡೆಗೆ ಮಾತಾಡುವ ಜಾಗದಲ್ಲಿ ಇದ್ರೆ ಮಾತ್ರ ಇಂಥ ಕೈ ನಾನು ಹಿಡಿಯುದು."

"ರಾಯರು ಎಲ್ಲದಕ್ಕೂ ಹಿಡಿಯುತ್ತಾರಲ್ಲ?"

"ಅದಕ್ಕೇ ಅವರ ಬೀಜ ಎಲ್ಲ ನನ್ನ ಹತ್ರ ಇರುದು" ಎಂದು ಭಟ್ಟರು ತಣ್ಣಗೆ ಹೇಳಿದರು. "ಮತ್ತೊಂದು. ಐದನೆಯದು ಬರ್ಲಿಲ್ಲವಾ, ಆ ಗಳಿಗೆಗೇ ಮಗುಚಿ ಹಾಕ್ಬೇಕು. ಇಷ್ಟು ಹಾಕಿದ್ದೇನಲ್ಲ ಅಂತ ನೋಡ್ಲಿಕ್ಕಿಲ್ಲ. ಹಾಕಿದ್ದು ನಿಮ್ಮದಲ್ಲ, ಅದು ಹೋಯ್ತು."

ಎಷ್ಟು ಸರಳವಾಗಿದೆ ಎನ್ನಿಸಿತು. ಮಧ್ಯಾಹ್ನ ನನಗೆ ನಿಜವಾಗಿಯೂ ನಾಲ್ಕು ಕಲಾವರ್ ಬಂದವು. ಮೊದಲು ಮಾತಾಡಬೇಕಾದವನು ನಾನೇ. ಇಟ್ಟೆ. ಭಟ್ಟರು ಮಗುಚಿದರು, ವೆಂಕಟೇಶ ಎಡಕ್ಕೆ ವಾಲಿಸಿ ಮಗುಚಿದ, ರಾಯರು ನನ್ನ ಎರಡಕ್ಕೆ ಎಂಟು ಇಟ್ಟರು. ನಾನು ಅದಕ್ಕೂ ಕೊಟ್ಟೆ. ಬಂದದ್ದು ಆಟೀನಿನ ಒಂಬತ್ತು. ಅಲ್ಲಿಗಾದರೂ ಬಿಡಬೇಕಿತ್ತು. ಇಷ್ಟು ಇಟ್ಟಾಯಿತಲ್ಲ, ಒಂದು ಕೈ ನೋಡಿಯೇ ಬಿಡೋಣ ಎಂದು ಉಳಿದ ಬೀಜವನ್ನೆಲ್ಲ ಸುರಿದೆ. ರಾಯರ ಹತ್ತಿರ ಮೂರು ರಾಣಿಯರಿದ್ದರು.

ಭಟ್ಟರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. "ಎಲೆ ಸರಿ ಇತ್ತು. ಉಳಿದದ್ದೆಲ್ಲ ತಪ್ಪು."

ವೆಂಕಟೇಶನ ಬೆನ್ನ ಹಿಂದಿನ ಬಾಗಿಲಲ್ಲಿ ಅಂಬಕ್ಕನವರ ಜೊತೆ ಅಕ್ಕಿ ಆರಿಸುತ್ತಿದ್ದ ಸರಸು ಮೊರದಲ್ಲಿ ಕೇರುವುದನ್ನು ನಿಲ್ಲಿಸಿದ್ದಳು. ರಾಯರು ಮಾತ್ರ ಬಹಳ ಖುಷಿಯಾದರು. "ಈಗ ನೋಡ್ರಿ ಮಾಸ್ತರ್ರ, ಈಗ ನೀವು ನಮ್ಮವರಾದ್ರಿ" ಎಂದರು. ಜಾತಕದ ಮಾತು ಎತ್ತಿದೆ. ತಮ್ಮ ಅಕ್ಕ ಸಾಸವಡದಲ್ಲಿದ್ದಾರೆ, ಅವರು ಹುಡುಗಿಯನ್ನು ನೋಡದೆ ಏನೂ ಹೇಳುವಂತಿಲ್ಲ ಎಂದರು. ಈ ಅಕ್ಕನ ಸುದ್ದಿ ಕಾಗದದಲ್ಲಿ ಇರಲಿಲ್ಲ.

ಸಾಸವಡದ ದಾರಿ

ಸಾಸವಡ ಹೇಗಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳಲಾರೆ. ಮಳೆ ನಿಲ್ಲಲೆಂದು ಎರಡು ದಿನ ಕಾದು ಏಳನೆಯ ದಿನ ಹೊರಟೆವು. ದಿವೆ ಘಾಟಿನ ಅರ್ಧದಲ್ಲಿ ಬಸ್ಸಿನ ಮೂತಿಯಿಂದ ಹೊಗೆ ಎದ್ದು ಅದು ನಿಂತಿತು. ಪ್ರಯಾಣಿಕರು ಇಳಿದು, ಇದು ದಿನದ ಕಥೆ ಎಂಬಂತೆ ಗಂಟು ಬಿಚ್ಚಿ ಜೋಳದ ಭಾಕರಿ ತಿನ್ನತೊಡಗಿದರು. ಗುಂಡೂರಾಯರು ಕೋಟಿನ ಜೇಬಿನಿಂದ ಇಸ್ಪೀಟು ತೆಗೆದರು.

ಘಾಟಿನ ಬಂಡೆಯ ಮೇಲೆ ನನ್ನ ಶಲ್ಯ ಹಾಸಿ ಎಲೆ ಹಂಚಿದರು. ಭಟ್ಟರು ಬಂದಿರಲಿಲ್ಲ, ಮೂವರೇ. ನಾನು ಒಂದು ಬೀಜ ಇಟ್ಟೆ, ರಾಯರೂ ಒಂದು ಇಟ್ಟರು. ಕಡೆಗೆ ಮಾತಾಡುವ ಸರದಿ ವೆಂಕಟೇಶನದು. ಅವನು ಎಲೆ ವಾಲಿಸುವಷ್ಟರಲ್ಲಿ ಡ್ರೈವರ್ ನೀರು ತರಲು ಡಬ್ಬ ಹಿಡಿದು ಹೊರಟ. ಅವನಿಗೆ ಬಾವಿ ಗೊತ್ತಿಲ್ಲವೆಂದು ರಾಯರು ತಮ್ಮ ಎಲೆಯನ್ನು ಜೇಬಿಗೆ ಹಾಕಿಕೊಂಡು ಹಿಂದೆಯೇ ಹೋದರು.

ಐದು ನಿಮಿಷ ಕಾದೆ. "ನಿಮ್ಮ ಸರದಿ" ಎಂದೆ.

"ಅಪ್ಪಾರು ಬರ್ಲಿ ರೀ" ಎಂದ ವೆಂಕಟೇಶ.

"ಅವರು ಬಂದಮೇಲೆ ಅವರ ಸರದಿ. ಈಗಿನದು ನಿಮ್ಮದು."

"ಹೌದ್ರಿ" ಎಂದು ಒಪ್ಪಿಕೊಂಡ. ಎಲೆ ನೋಡುತ್ತ ಕುಳಿತೇ ಇದ್ದ.

ನನಗೆ ರೇಗಿತು. ಭಾವನಾಗುವವನ ಮೇಲೆ ರೇಗಬಾರದೆಂದು ಎದ್ದು ರಸ್ತೆಯ ತಿರುವಿನವರೆಗೆ ನಡೆದುಹೋದೆ. ಕೆಳಗೆ ಹಸಿರು ಬಯಲು, ಅದರಾಚೆ ಪುಣೆಯ ಕಡೆ ಮೋಡ. ಅರ್ಧ ಗಂಟೆ ಬಿಟ್ಟು ಬಂದಾಗ ಸರಸು ಬಂಡೆಯ ಹತ್ತಿರ ನಿಂತು ಅವನ ಜೊತೆ ಮಾತಾಡುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು. ಸದ್ಯ, ಮಾತಾದರೂ ಆಡಿಕೊಂಡರಲ್ಲ ಎಂದು ನನಗೆ ಸಮಾಧಾನವಾಯಿತು.

ರಾಯರು ಏದುಸಿರು ಬಿಡುತ್ತ ಹತ್ತಿ ಬಂದರು. ಬಂದವರೇ ಮಗನ ಎಲೆ ಇಣುಕಿ, "ಒಗಿ ಅದನ್ನ" ಎಂದರು. ಅವನು ಒಗೆದ. ಎಲೆ ಅಂಗಾತ ಬಿದ್ದವು. ನಾಲ್ಕು ಬದಾಮ. ಇಬ್ಬರು ಒಳಗಿದ್ದೇವೆ, ಕಡೆಯ ಮಾತು ಅವನದು, ಕೊಡಬೇಕಾದದ್ದು ಒಂದೇ ಬೀಜ, ಭಟ್ಟರ ಲೆಕ್ಕದಲ್ಲಿ ಹಿಡಿಯಬೇಕಾದ ಕೈ. ಮೊನ್ನೆ ಹಿಡಿಯಬಾರದ ಕೈಯನ್ನು ಹಿಡಿದವನು ನಾನು, ನನಗೇ ಅದು ಕಂಡಿತು. ಅವನಿಗೂ ಕಂಡಿದ್ದಿರಬೇಕು. ಎಲೆಗಳನ್ನು ಒಂದು ಕ್ಷಣ ನೋಡಿ ಇಸ್ಪೀಟಿನ ಕಟ್ಟಿಗೆ ಸೇರಿಸಿದ.

ನೀರು ಹಾಕಿದರೂ ಬಸ್ಸು ಏಳಲಿಲ್ಲ. ಎದುರಿನಿಂದ ಬಂದ ಇನ್ನೊಂದು ಬಸ್ಸಿನಲ್ಲಿ, ಕೋಳಿಬುಟ್ಟಿಗಳ ನಡುವೆ, ಪುಣೆಗೆ ವಾಪಸು ಬಂದೆವು.

ಒಂಬತ್ತನೆಯ ದಿನ

ಎಂಟನೆಯ ದಿನ ಏನೂ ಆಗಲಿಲ್ಲ, ನಾನು ಸೋತೆ. ಒಂಬತ್ತನೆಯ ದಿನ ಬೆಳಿಗ್ಗೆ ರಾಯರು ತಾವೇ ಹೋಟೆಲಿಗೆ ಬಂದು, ನನ್ನೆದುರು ಕುಳಿತು, "ನಮಗ ಹುಡುಗಿ ಪಸಂತ ಅದ ರೀ. ಅಕ್ಕಗ ಆಮ್ಯಾಲ ತೋರಿಸಿದ್ರಾತು. ಶ್ರಾವಣದಾಗ ಮುಹೂರ್ತ ಹಿಡೀರಿ" ಎಂದರು. ಮದುವೆಯಾದ ಮೇಲೆ ಶಾಲೆಯ ಕೆಲಸ ಬಿಡಬೇಕು, ಅದೊಂದೇ ಮಾತು. ಮಧ್ಯಾಹ್ನ ಮನೆಗೆ ಬಂದು ತಾಂಬೂಲ ಬದಲಾಯಿಸಿಕೊಳ್ಳಿ ಎಂದು ಹೇಳಿ ಹೋದರು.

ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಸರಸು ಕಿಟಕಿಯ ಹತ್ತಿರ ಜಡೆ ಹಾಕಿಕೊಳ್ಳುತ್ತಿದ್ದಳು. ಹೇಳಿದೆ.

"ನನಗೆ ಬೇಡ ಅಣ್ಣ" ಎಂದಳು.

ಕೆಲಸ ಬಿಡುವ ಮಾತಿಗೆ ಹೀಗೆನ್ನುತ್ತಿದ್ದಾಳೆಂದು, ಅದನ್ನು ಮಾತಾಡಿ ಸರಿಮಾಡೋಣ ಎಂದೆ. ಅದಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ. "ಒಂಬತ್ತು ದಿನ ಆಯಿತು ಸರಸು. ಎರಡು ಸಲ ರಜೆಗೆ ಬರೆದೆ. ಆ ಮನುಷ್ಯನ ಎದುರು ಮಧ್ಯಾಹ್ನವೆಲ್ಲ ಕೂತು ಕೂತು ನನ್ನ ಸೊಂಟ ಹೋಯಿತು. ಇಷ್ಟೆಲ್ಲ ಆದಮೇಲೆ ಬೇಡ ಅಂದರೆ ಏನು ಅರ್ಥ? ಊರಿನಲ್ಲಿ ಏನು ಹೇಳಲಿ? ಇನ್ನು ಯಾರು ಬರುತ್ತಾರೆ ಅಂದುಕೊಂಡಿದ್ದೀಯ?"

"ಯಾರೂ ಬರದೆ ಇರಬಹುದು."

"ಮತ್ತೆ?"

ಅವಳು ಜಡೆಯ ತುದಿಗೆ ಟೇಪು ಕಟ್ಟಿ ಮುಗಿಸಿದಳು. "ಘಾಟಿನಲ್ಲಿ ನಾನೇ ಬಾಯಿ ಬಿಟ್ಟು ಕೇಳಿದೆ ಅಣ್ಣ. ಮತ್ತೆ ಅಂಥ ಅವಕಾಶ ಸಿಗೋದಿಲ್ಲ ಅಂತ. ನಿಮಗೆ ನಾನು ಒಪ್ಪಿಗೆಯೇ ಅಂತ ಕೇಳಿದೆ."

"ಏನಂದರು?"

"'ಅಪ್ಪಾರು ಇನ್ನಾ ಏನೂ ಹೇಳಿಲ್ರಿ' ಅಂದರು."

ಕೆಳಗೆ ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದು ಬರುತ್ತಿತ್ತು. ನಾನು ಟ್ರಂಕಿನ ಮೇಲೆ ಕುಳಿತೆ.

"ಕೆಟ್ಟವರಲ್ಲ" ಎಂದಳು. "ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ನನಗೆ ಬೇಡ, ಅಷ್ಟೆ. ನೀನು ಹೋಗಿ ಹೇಳಿ ಬಾ."

ಹೋದೆ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ, ಗುಂಡೂರಾಯರನ್ನು ಬೈದುಕೊಂಡೆ, ಅಂಬಕ್ಕನವರ ಮೊಣಕಾಲನ್ನೂ ಬಿಡಲಿಲ್ಲ. ಜಮಖಾನೆ ಹಾಸಿತ್ತು. ತಟ್ಟೆಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ. ನಾನು ನಿಂತುಕೊಂಡೇ ಹೇಳಿದೆ: ತಂಗಿಗೆ ಒಪ್ಪಿಗೆಯಿಲ್ಲ, ಅವಳ ಒಪ್ಪಿಗೆಯಿಲ್ಲದೆ ನಾನು ಕೊಡಲಾರೆ, ಕ್ಷಮಿಸಬೇಕು.

ರಾಯರು ಮೊದಲು ನಕ್ಕರು. ಆಮೇಲೆ ಕೆಂಪಾದರು. "ಒಂಬತ್ತು ದಿನಾ ಉಂಡು ತಿಂದು ಆಡಿ, ಈಗ ಒಲ್ಲೆ ಅಂತಾಳಂದ್ರ? ಹೆಣ್ಣಹುಡಿಗಿ ಒಲ್ಲೆ ಅನ್ನಾಕ ಕಾರಣರೆ ಏನ್ರಿ? ನಮ್ಮ ವೆಂಕ್ಯಾಗ ಏನಾಗ್ಯದ? ನೌಕರಿ ಇಲ್ಲೇನು? ಚಟಾ ಅವ ಏನು?"

ಕಾರಣ ಹೇಳುವುದೋ ಬಿಡುವುದೋ ತಿಳಿಯದೆ ನಾನು ತಡವರಿಸುತ್ತಿದ್ದೆ. ತಂದೆಯ ಪಕ್ಕದಲ್ಲಿ ಕುಳಿತಿದ್ದ ವೆಂಕಟೇಶ ಎದ್ದುನಿಂತ.

"ಅವರು ಬ್ಯಾಡ ಅನ್ನೂದು ಬರೋಬ್ಬರಿ ಅದ ಅಪ್ಪಾ" ಎಂದ. "ಮಾಸ್ತರ್ರಿಗೆ ಏನೂ ಅನಬ್ಯಾಡ್ರಿ."

ರಾಯರು ಮಗನ ಕಡೆ ಪೂರ್ತಿ ತಿರುಗಿ ಕುಳಿತರು. ಒಳಗಿನಿಂದ ಅಂಬಕ್ಕನವರು ಕಾಲೆಳೆಯುತ್ತ ಬಾಗಿಲಿಗೆ ಬಂದು ನಿಂತರು. ಯಾರೂ ನನಗೆ ಚಹಾ ಬೇಕೇ ಎಂದು ಕೇಳಲಿಲ್ಲ. ವೆಂಕಟೇಶ ಕೋಟು ಹಾಕಿಕೊಂಡು, ಬೀದಿಯ ತುದಿಯವರೆಗೆ ನನ್ನ ಜೊತೆ ಬಂದ, ಟಾಂಗಾ ಕರೆದ, ಮೊದಲು ಹೋಟೆಲು, ಆಮೇಲೆ ಸ್ಟೇಷನ್ನು ಎಂದು ಗಾಡಿಯವನಿಗೆ ಎರಡು ಸಲ ಒತ್ತಿ ಹೇಳಿದ.

ಜೇಜುರಿ

ಗಾಡಿ ಹೊರಟ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಒಂದು ಗಂಟೆ ಅವಳೊಂದಿಗೆ ಮಾತಾಡಲಿಲ್ಲ. ಜೇಜುರಿಯಲ್ಲಿ ಬೆಟ್ಟದ ದೇವರ ಅರಿಸಿನ ಮೆತ್ತಿದ ಯಾತ್ರಿಕರ ಗುಂಪೊಂದು ನುಗ್ಗಿತು. ನನ್ನ ಪಂಚೆ ಹಳದಿಯಾಯಿತು. ಅದನ್ನು ಕೊಡವಲು ಹೋಗಿ ಇನ್ನಷ್ಟು ಹರಡಿಕೊಂಡೆ. ಸರಸು ತನ್ನ ಕರವಸ್ತ್ರ ಕೊಟ್ಟಳು. ತೆಗೆದುಕೊಂಡ ಮೇಲೆ ಸುಮ್ಮನಿರುವುದು ಚೆನ್ನಾಗಿ ಕಾಣಲಿಲ್ಲ. ರಾಯರ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ವೆಂಕಟೇಶ ಎದ್ದು ನಿಂತು ಹೇಳಿದ ಮಾತನ್ನೂ.

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಯಾರನ್ನೂ ಕೇಳದೆ ಹೇಳಿದರಾ?"

"ಯಾರನ್ನೂ ಕೇಳಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ."

ಈಗ ಮನಸ್ಸು ಬದಲಾಯಿಸುತ್ತಾಳೇನೋ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಹೋಗಬೇಕೇನೋ ಎಂದುಕೊಂಡೆ. ಟ್ರಂಕು ಎಲ್ಲಿದೆ ಎಂದು ಕೂಡ ನೋಡಿದೆ.

"ಒಳ್ಳೆಯದಾಯಿತು" ಎಂದಳು ಸರಸು. "ಆ ಮನೆಗೆ ಇನ್ನು ಮುಂದೆ ಬರೋಳಿಗೆ."